ಬಿರುಗಾಳಿ ಹೊರಟ ಬಂದರು

ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕವನ್ನು ಪದವಿ ತರಗತಿಗೆ ಹೇಳಿಕೊಡುವವರು ಸಾಮಾನ್ಯವಾಗಿ ಮೊದಲ ದೃಶ್ಯವನ್ನು ಬೇಗ ದಾಟಿಬಿಡುತ್ತಾರೆ. ಗಾಳಿ, ಹಡಗು, ಕೂಗಾಟ, ಬೈಗುಳ. ಪರೀಕ್ಷೆಗೆ ಬರುವಂಥದ್ದು ಅಲ್ಲಿ ಏನೂ ಇಲ್ಲ. ದ್ವೀಪದಲ್ಲಿ ನೆಲೆಸಿರುವ ಮಂತ್ರವಾದಿ ಪ್ರಾಸ್ಪೆರೊ ಮಗಳನ್ನು ಪಕ್ಕ ಕೂರಿಸಿಕೊಂಡು ಹಳೆಯ ಕಥೆ ತೆಗೆದ ಮೇಲೆಯೇ ಹುಡುಗರು ಪೆನ್ನಿನ ಕ್ಯಾಪು ಬಿಚ್ಚುವುದು. ನನಗೆ ಮಾತ್ರ ಆ ಮೊದಲ ದೃಶ್ಯದ ಮೇಲೆ ಯಾವಾಗಲೂ ಅಕ್ಕರೆ. ಮುಳುಗುತ್ತಿರುವ ಹಡಗಿನಲ್ಲಿ ರಾಜ, ಅವನ ತಮ್ಮ, ಮಂತ್ರಿ ಎಲ್ಲರೂ ಮೇಲೆ ಬಂದು ಕಾಲಿಗೆ ಅಡ್ಡ ಸಿಕ್ಕುತ್ತಾರೆ. ನಾವಿಕರ ತಾಂಡೇಲ ಅವರನ್ನು ಗದರಿಸಿ ಕೆಳಕ್ಕೆ ಅಟ್ಟುತ್ತಾನೆ. ಅಲೆಗೆ ರಾಜನ ಹೆಸರು ಹೇಳಿದರೆ ಅದು ಕೇಳುತ್ತದೆಯೇ ಅನ್ನುವ ಧಾಟಿ ಅವನದು. ನಾನಿದ್ದ ಮಲೆನಾಡಿನ ಕಾಲೇಜಿನಲ್ಲಿ ಈ ಪಾಠ ಬರುತ್ತಿದ್ದದ್ದು ಜುಲೈ ತಿಂಗಳಲ್ಲಿ. ಹಂಚಿನ ಮೇಲೆ ಮಳೆ ಸುರಿಯುವಾಗ ಹಿಂದಿನ ಬೆಂಚಿಗೆ ಕೇಳಬೇಕಾದರೆ ಕೂಗಿಯೇ ಹೇಳಬೇಕು. ಆ ದೃಶ್ಯಕ್ಕೆ ಅದೇ ಸರಿಯಾದ ಪಾಠಕ್ರಮ ಎಂದು ನನ್ನ ಅಭಿಪ್ರಾಯ.

ಆ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಶರಾವತಿ ಮುಳುಗಡೆಯಲ್ಲಿ ಊರು ಕಳೆದುಕೊಂಡು ಬಂದ ಮನೆತನ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಿತ್ತು. ಮೂರನೇ ತಲೆಮಾರಿಗೆ ಬಂದರೂ ಆ ಮನೆಗಳಲ್ಲಿ ಊಟದ ಹೊತ್ತಿನ ಮಾತು ಅರ್ಜಿ, ಸರ್ವೆ, ತಾಲ್ಲೂಕು ಕಚೇರಿಯ ಸುತ್ತಲೇ ತಿರುಗುತ್ತಿತ್ತು. ಈ ದ್ವೀಪ ನನ್ನದು, ನನ್ನ ತಾಯಿಯಿಂದ ಬಂದದ್ದು, ನೀನು ಕಸಿದುಕೊಂಡೆ ಎಂದು ಆಳಾಗಿ ದುಡಿಯುವ ಕ್ಯಾಲಿಬನ್ ಒಡೆಯ ಪ್ರಾಸ್ಪೆರೊ ಮೇಲೆ ಹಾಯುವ ಭಾಗಕ್ಕೆ ಬಂದಾಗ ಈ ಹುಡುಗ ಎದ್ದು ನಿಂತ.

“ಸರ್, ಅವನ ಹತ್ರ ಹಕ್ಕುಪತ್ರ ಇತ್ತಾ?”

ತರಗತಿ ನಕ್ಕಿತು. ಅವನು ನಗಲಿಲ್ಲ. ಕ್ಯಾಲಿಬನ್ ಹತ್ತಿರ ಇರಲಿಲ್ಲ, ಪ್ರಾಸ್ಪೆರೊ ಹತ್ತಿರವೂ ಇರಲಿಲ್ಲ, ಅವನ ಬಳಿ ಇದ್ದದ್ದು ಮಂತ್ರದ ಪುಸ್ತಕ ಎಂದೆ. “ಹಂಗಾದ್ರೆ ಇಬ್ರದ್ದೂ ಬಗರ್‌ಹುಕುಂ” ಎಂದು ಹೇಳಿ ಕೂತ. ಕ್ಯಾಲಿಬನ್ ಕುರಿತು ನಾನು ಓದಿದ್ದ ವಿಮರ್ಶೆಗಳಲ್ಲಿ ಇಷ್ಟು ಚುಟುಕಾದದ್ದು ಇನ್ನೊಂದಿಲ್ಲ.

ನಮ್ಮ ಕಡೆ ಈ ನಾಟಕಕ್ಕೆ ಇನ್ನೊಂದು ನಂಟೂ ಇದೆ. ಕುವೆಂಪು ಅದನ್ನು 1930ರಲ್ಲೇ ‘ಬಿರುಗಾಳಿ’ ಎಂದು ರೂಪಾಂತರ ಮಾಡಿದ್ದರು. ಮಕ್ಕಳಿಗೆ ಇಂಗ್ಲಿಷು ತೊಡರಿದಾಗಲೆಲ್ಲ ನಾನು ಅದನ್ನು ಕೈಗೆತ್ತಿಕೊಳ್ಳುತ್ತಿದ್ದೆ. ಅಲ್ಲಿನ ಗಾಳಿ, ಕಡಲು ಎಲ್ಲ ನಮ್ಮದೇ. ಎಷ್ಟೋ ಹುಡುಗರು ಮೂಲ ಕನ್ನಡದ್ದು, ಶೇಕ್ಸ್‌ಪಿಯರ್ ಅನುವಾದ ಮಾಡಿಕೊಂಡ ಎಂದು ತಿಳಿದಂತೆ ಉತ್ತರ ಬರೆಯುತ್ತಿದ್ದರು. ನಾನೂ ಅಂಕ ಕಳೆಯುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಇಂಗ್ಲೆಂಡಿನ ನೈರುತ್ಯ ಮೂಲೆಯ ಪ್ಲಿಮತ್ ಊರಿಗೆ ಹೋಗುವ ಯೋಗ ಬಂತು. ಮಗಳು ಅಲ್ಲಿ ಕೆಲಸದಲ್ಲಿದ್ದಳು. ಹೆಂಡತಿ ಹೋದದ್ದು ಬಾಣಂತನಕ್ಕೆ, ನಾನು ಹೋದದ್ದು ಹೆಂಡತಿಯ ಸಾಮಾನು ಹೊರುವುದಕ್ಕೆ. ಬಾಣಂತನದ ಮನೆಯಲ್ಲಿ ಗಂಡಸು ಎಲ್ಲಿ ಕೂತರೂ ಅಡ್ಡವೇ. “ಅಪ್ಪ, ಒಂದು ರೌಂಡ್ ವಾಕಿಂಗ್ ಹೋಗಿ ಬಾ” ಎಂದು ಮಗಳು ಬೆಳಿಗ್ಗೆಯೇ ಕೋಟು ಹಾಕಿಸಿ ಕಳಿಸುತ್ತಿದ್ದಳು. ಹಾಗೆ ಅಲೆದೂ ಅಲೆದೂ ಆ ಬಂದರು ನನಗೆ ಊರಿನ ಬಸ್‌ಸ್ಟ್ಯಾಂಡಿನಷ್ಟು ಬಳಕೆಯಾಯಿತು.

ಪ್ಲಿಮತ್ತಿನ ಹಳೆಯ ಬಂದರಿನ ಕೇರಿಗೆ ಬಾರ್ಬಿಕನ್ ಎಂದು ಹೆಸರು. ಕಲ್ಲು ಹಾಸಿದ ಇಕ್ಕಟ್ಟು ಬೀದಿಗಳು, ಮೀನು ಕರಿದ ವಾಸನೆ, ಕೈಯಲ್ಲಿದ್ದ ಪೊಟ್ಟಣಕ್ಕೇ ಎರಗುವ ಕಡಲಕ್ಕಿಗಳು. ಪ್ರವಾಸಿಗರು ಬರುವುದು ಮೇಫ್ಲವರ್ ಮೆಟ್ಟಿಲು ನೋಡಲು. 1620ರಲ್ಲಿ ಧರ್ಮಶ್ರದ್ಧೆಯ ಒಂದು ಗುಂಪು ಅಮೆರಿಕಕ್ಕೆ ಹೊರಟದ್ದು ಅಲ್ಲಿಂದ ಎಂದು ಕಮಾನು ಕಟ್ಟಿದ್ದಾರೆ. ಮೂಲ ಮೆಟ್ಟಿಲು ಈಗಿಲ್ಲ, ಕಮಾನೂ 1934ರದ್ದು. ಫೋಟೊ ತೆಗೆಸಿಕೊಳ್ಳುವವರಿಗೆ ಅದರಿಂದ ಏನೂ ಕೊರತೆಯಾಗಿಲ್ಲ. ಗುಡ್ಡದ ಮೇಲಿನ ಹೋ ಮೈದಾನದಲ್ಲಿ ಫ್ರಾನ್ಸಿಸ್ ಡ್ರೇಕ್ ಕಂಚಿನಲ್ಲಿ ನಿಂತಿದ್ದಾನೆ. 1562ರಲ್ಲಿ ಆಫ್ರಿಕದ ಜನರನ್ನು ಹಿಡಿದು ಮಾರಲು ಹೊರಟ ಜಾನ್ ಹಾಕಿನ್ಸ್ ಈ ಊರಿನವನೇ. ವಾಲ್ಟರ್ ರಾಲಿಯ ಆಸೆಯಂತೆ ಅಮೆರಿಕದ ರೋನೋಕ್ ದ್ವೀಪದಲ್ಲಿ ನೆಲೆ ಊರಲು 1585ರಲ್ಲಿ ಹಡಗುಗಳು ಹೊರಟದ್ದೂ ಇಲ್ಲಿಂದಲೇ. ಆ ನೆಲೆ ನಿಲ್ಲಲಿಲ್ಲ. 1587ರಲ್ಲಿ ಮತ್ತೆ ಕಳಿಸಿದ ಗುಂಪನ್ನು ಮೂರು ವರ್ಷ ಬಿಟ್ಟು ನೋಡಲು ಹೋದರೆ ಒಬ್ಬರೂ ಇರಲಿಲ್ಲ, ಕಂಬದ ಮೇಲೆ ಕೆತ್ತಿದ ಒಂದು ಹೆಸರಿನ ಹೊರತು.

ನನ್ನ ನಾಟಕದ ಬೆನ್ನಿಗಿರುವ, ನನಗೆ ಬೇಕಾಗಿದ್ದ ಹಡಗು ಬೇರೆ. ಅದರ ಹೆಸರು ಸೀ ವೆಂಚರ್.

1609ರ ಜೂನ್ 2ರಂದು ಒಂಬತ್ತು ಹಡಗುಗಳ ಸಾಲು ಪ್ಲಿಮತ್ ಬಿಟ್ಟು ವರ್ಜೀನಿಯದ ಜೇಮ್ಸ್‌ಟೌನಿನ ಕಡೆಗೆ ಹೊರಟಿತು. ಎರಡು ವರ್ಷದ ಹಿಂದೆ ಹೂಡಿದ್ದ ಆ ನೆಲೆಗೆ ಜನ, ದಿನಸಿ, ಹೊಸ ಗವರ್ನರ್ ಎಲ್ಲ ಹೋಗಬೇಕಿತ್ತು. ಸಾಲಿನ ಮುಂಚೂಣಿಯ ಹಡಗು ಸೀ ವೆಂಚರ್. ಅದರಲ್ಲಿ ಗವರ್ನರ್ ಥಾಮಸ್ ಗೇಟ್ಸ್, ಅಡ್ಮಿರಲ್ ಜಾರ್ಜ್ ಸೋಮರ್ಸ್, ಕ್ಯಾಪ್ಟನ್ ಕ್ರಿಸ್ಟಫರ್ ನ್ಯೂಪೋರ್ಟ್ ಮೂವರೂ ಇದ್ದರು. ಯಾರು ಮೇಲು ಎಂಬ ಜಗಳ ಬೇಡವೆಂದು ಮೂವರನ್ನೂ ಒಂದೇ ಹಡಗಿಗೆ ತುಂಬಿದ್ದರಂತೆ. ಹಾಗಾಗಿ ಆ ಒಂದು ಹಡಗು ತಪ್ಪಿಹೋದಾಗ ಉಳಿದವಕ್ಕೆ ಯಜಮಾನರೇ ಇಲ್ಲದಂತಾಯಿತು.

ಜುಲೈ ಕೊನೆಗೆ ಚಂಡಮಾರುತ ಹಿಡಿಯಿತು. ಹಡಗಿನಲ್ಲಿದ್ದ ವಿಲಿಯಂ ಸ್ಟ್ರೇಚಿ ಎಂಬಾತ ಮಾರನೆಯ ವರ್ಷ ಒಬ್ಬ ಹೆಂಗಸಿಗೆ ಬರೆದ ಉದ್ದ ಪತ್ರದಲ್ಲಿ ಅದನ್ನೆಲ್ಲ ಹೇಳಿದ್ದಾನೆ. ಹಲಗೆಗಳ ಸಂದಿನಿಂದ ನೀರು ಒಸರಿ ಒಳಗೆ ಆಳೆತ್ತರ ನಿಂತಿತು. ಮೇಣದ ಬತ್ತಿ ಹಿಡಿದು ಹಡಗಿನ ಪಕ್ಕೆಗಳನ್ನು ತಡವುತ್ತಾ ತೂತು ಎಲ್ಲಿ ಎಂದು ಕಿವಿಗೊಟ್ಟು ಹುಡುಕಿದರು. ಕೈಗೆ ಸಿಕ್ಕ ದನದ ಮಾಂಸದ ತುಂಡುಗಳನ್ನೇ ಬಿರುಕಿಗೆ ತುರುಕಿದರು. ಜೀವಮಾನದಲ್ಲಿ ಒಂದು ಗಂಟೆಯೂ ಮೈಬಗ್ಗಿಸದ ಸಾಹೇಬರು ಅಂಗಿ ಕಳಚಿ ಸರದಿಯ ಮೇಲೆ ನೀರು ಎತ್ತಿಹಾಕಿದರು. ಒಂದು ರಾತ್ರಿ ಪಟಕಂಬದ ತುದಿಯಲ್ಲಿ ನಕ್ಷತ್ರದಂಥ ಬೆಳಕೊಂದು ಕಾಣಿಸಿಕೊಂಡು ಹಗ್ಗದಿಂದ ಹಗ್ಗಕ್ಕೆ ಓಡಾಡಿತು. ಸಿಡಿಲುಮೋಡದಡಿಯಲ್ಲಿ ಕಾಣುವ ಆ ಬೆಳಕು ನಾವಿಕರಿಗೆಲ್ಲ ಗೊತ್ತಿರುವಂಥದ್ದೇ. ನಾಟಕದಲ್ಲಿ ಪ್ರಾಸ್ಪೆರೊನ ಸೇವೆಯಲ್ಲಿರುವ ಗಾಳಿಯ ಚೇತನ ಏರಿಯಲ್ ತಾನು ಹಡಗಿನ ಕಂಬ ಕಂಬದಲ್ಲೂ ಬೆಂಕಿಯಾಗಿ ಹಾರಾಡಿದೆ ಎಂದು ಪ್ರಾಸ್ಪೆರೊಗೆ ವರದಿ ಒಪ್ಪಿಸುತ್ತದಲ್ಲ, ಅದನ್ನು ಈ ಪತ್ರದ ಪಕ್ಕದಲ್ಲಿಟ್ಟು ಓದಿದವರಿಗೆ ಮೈ ಜುಮ್ಮೆನ್ನದೆ ಇರದು. ಸಿಲ್ವೆಸ್ಟರ್ ಜೋರ್ಡನ್ ಎಂಬ ಇನ್ನೊಬ್ಬ ಪ್ರಯಾಣಿಕನ ಬರಹ ಚಿಕ್ಕದು. ಇನ್ನು ಆಗದು ಎನಿಸಿದಾಗ ಕೆಲವರು ಉಳಿದಿದ್ದ ಮದ್ಯ ತೆಗೆದು ಒಬ್ಬರಿಗೊಬ್ಬರು ಕುಡಿಸಿ ವಿದಾಯ ಹೇಳಿಕೊಂಡರಂತೆ.

ಹಡಗು ಬರ್ಮುಡಾದ ಎರಡು ಬಂಡೆಗಳ ನಡುವೆ ನೆಟ್ಟಗೆ ಸಿಕ್ಕಿಕೊಂಡಿತು. ಸುಮಾರು 150 ಮಂದಿ, ಒಬ್ಬರೂ ಸಾಯದೆ ದಡ ಸೇರಿದರು. ಅಲ್ಲಿ ಮನುಷ್ಯರಿರಲಿಲ್ಲ. ಕಾಡುಹಂದಿ, ಆಮೆ, ಕೈಗೇ ಸಿಗುವ ಹಕ್ಕಿಗಳು ಬೇಕಾದಷ್ಟು. ಊಟ ಸಿಕ್ಕಿದ ಮೇಲೆ ತಕರಾರು ಶುರುವಾಯಿತು. ಹಡಗು ಒಡೆದಲ್ಲಿಗೆ ಗವರ್ನರನ ಅಧಿಕಾರವೂ ಒಡೆಯಿತು, ಇನ್ನು ಯಾರೂ ಅವನ ಮಾತು ಕೇಳಬೇಕಾಗಿಲ್ಲ ಎಂದು ಸ್ಟೀಫನ್ ಹಾಪ್ಕಿನ್ಸ್ ಎಂಬವನು ಬೈಬಲ್ ಆಧಾರ ಕೊಟ್ಟು ವಾದಿಸಿದ. ಗೇಟ್ಸ್ ಅವನಿಗೆ ಮರಣದಂಡನೆ ವಿಧಿಸಿದ. ಹೆಂಡತಿ ಮಕ್ಕಳ ಹೆಸರು ಹೇಳಿ ಗೋಳಾಡಿ ಅವನು ಉಳಿದುಕೊಂಡ. ಹೆನ್ರಿ ಪೇನ್ ಎಂಬವನು ಉಳಿಯಲಿಲ್ಲ, ಅವನನ್ನು ಗುಂಡಿಟ್ಟು ಕೊಂದರು. ನನ್ನ ತಾಂಡೇಲನಿಗೆ ಹಾಪ್ಕಿನ್ಸನೇ ಗುರು ಎಂದು ನನ್ನ ಊಹೆ. ಪುರಾವೆ ಕೇಳಬಾರದು.

ದೇವದಾರು ಕಡಿದು ಎರಡು ಹೊಸ ಹಡಗು ಕಟ್ಟಿಕೊಂಡು, 1610ರ ಮೇ ತಿಂಗಳಲ್ಲಿ ಅವರು ಜೇಮ್ಸ್‌ಟೌನ್ ತಲುಪಿದಾಗ ಅಲ್ಲಿ ಕಂಡದ್ದು ಬೇರೆಯೇ ಘೋರ. ಚಳಿಗಾಲಕ್ಕೆ ಮುಂಚೆ 500ರಷ್ಟಿದ್ದವರಲ್ಲಿ ಸುಮಾರು 60 ಮಂದಿ ಮಾತ್ರ ಬದುಕುಳಿದಿದ್ದರು, ಮೂಳೆ ಚಕ್ಕಳವಾಗಿ. ಮುಳುಗಿದ ಹಡಗಿನವರು ತಿಂದುಂಡು ಮೈತುಂಬಿಕೊಂಡು ಬಂದಿದ್ದರು. ತಲುಪಿದವರು ಉಪವಾಸ ಸತ್ತಿದ್ದರು. ಈ ಸುದ್ದಿ ಲಂಡನ್ನಿಗೆ ಮುಟ್ಟಿತು. 1611ರ ನವೆಂಬರ್ 1ರಂದು ವೈಟ್‌ಹಾಲ್ ಅರಮನೆಯಲ್ಲಿ ರಾಜ ಜೇಮ್ಸ್ ಎದುರು ‘ದಿ ಟೆಂಪೆಸ್ಟ್’ ಆಡಿದರು. ಸ್ಟ್ರೇಚಿಯ ಪತ್ರ ಅಚ್ಚಾದದ್ದು 1625ರಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡ ಮೇಲೆ. ಕೈಬರಹದಲ್ಲೇ ಅವನು ಓದಿರಬೇಕು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಅವನ ಹಳೆಯ ಪೋಷಕ ಸೌತಾಂಪ್ಟನ್ನಿನ ಅರ್ಲ್ ಸ್ವತಃ ವರ್ಜೀನಿಯ ಕಂಪನಿಗೆ ದುಡ್ಡು ಹಾಕಿದ್ದವನು.

ಅಲ್ಲಿಗೆ ನನ್ನ ವಿದ್ಯಾರ್ಥಿ ನೆನಪಾದ. ಹಕ್ಕುಪತ್ರ ಇತ್ತಪ್ಪ! ಹಡಗುಗಳು ಹೊರಡುವ ಕೆಲವೇ ದಿನ ಮೊದಲು, 1609ರ ಮೇ ತಿಂಗಳಲ್ಲಿ, ರಾಜ ಜೇಮ್ಸ್ ಆ ಹಡಗುಗಳನ್ನು ಕಳಿಸಿದ ವರ್ಜೀನಿಯ ಕಂಪನಿಗೆ ಹೊಸ ಸನದು ಬರೆದುಕೊಟ್ಟಿದ್ದ. ಅದರಲ್ಲಿ ಅಮೆರಿಕದ ಒಂದು ಪಟ್ಟಿ ನೆಲವನ್ನು ಈ ಕಡಲಿನಿಂದ ಆ ಕಡಲಿನವರೆಗೂ ಕೊಡಲಾಗಿತ್ತು. ಆಚೆ ಕಡಲು ಎಷ್ಟು ದೂರ ಎಂದು ಕೊಟ್ಟವನಿಗೂ ಗೊತ್ತಿರಲಿಲ್ಲ, ಪಡೆದವರಿಗೂ ಗೊತ್ತಿರಲಿಲ್ಲ. ಅಲ್ಲಿ ಬದುಕುತ್ತಿದ್ದ ಪೌಹಾಟನ್ ಜನರನ್ನು ಕೇಳುವ ಪ್ರಶ್ನೆಯೇ ಇಲ್ಲ. ಹಡಗೊಡೆದು ಸಿಕ್ಕಿದ ಬರ್ಮುಡಾವನ್ನು 1612ರಲ್ಲಿ ಇನ್ನೊಂದು ಸನದು ಬರೆದು ಅದಕ್ಕೇ ಸೇರಿಸಿದರು. ಕಂಪನಿಯ ಒಂದು ಷೇರಿಗೆ 12 ಪೌಂಡ್ 10 ಷಿಲಿಂಗ್. ಷೇರು ಕೊಳ್ಳಿ ಎಂದು ಲಂಡನ್ನಿನ ಪಾದ್ರಿಗಳು ಚರ್ಚಿನಲ್ಲಿ ಉಪದೇಶವನ್ನೂ ಮಾಡಿದರು. ಕಂಪನಿಯ ಖಜಾಂಚಿ ಥಾಮಸ್ ಸ್ಮೈತ್. ಫಿಲ್ಪಾಟ್ ಲೇನಿನಲ್ಲಿದ್ದ ಅವನ ಮನೆಯೇ ಕಚೇರಿ. ಈ ಹೆಸರು ಎಲ್ಲೋ ಕೇಳಿದ್ದೇನಲ್ಲ ಎಂದು ಹುಡುಕಿದರೆ, 1600ರ ಡಿಸೆಂಬರ್ 31ರಂದು ಸನದು ಪಡೆದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರೂ ಅವನೇ! ಬರ್ಮುಡಾದ ಲೆಕ್ಕ, ನಮ್ಮ ಮೆಣಸಿನ ಲೆಕ್ಕ ಎರಡೂ ಒಂದೇ ಮನೆಯ ಜಗಲಿಯಲ್ಲಿ ನಡೆಯುತ್ತಿದ್ದವು. ಆ ಎರಡನೆಯ ಲೆಕ್ಕ 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯವರೆಗೆ ಬಂದದ್ದನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಗಳ ಪಕ್ಕದ ಮನೆಯಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಇದ್ದರು. ನೌಕಾಪಡೆಯ ಹಡಗುಕಟ್ಟೆಯ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತರಾದವರು. ಒಬ್ಬರೇ. ಮಗು ಅತ್ತರೆ ಬೇಲಿಯ ಆಚೆಯಿಂದಲೇ ಸಲಹೆ ಕೊಡುವರು. ನನ್ನ ಹೆಂಡತಿ ಕನ್ನಡದಲ್ಲೇ ಉತ್ತರ ಕೊಡುವಳು. ಇಬ್ಬರಿಗೂ ಅರ್ಥವಾಗುತ್ತಿತ್ತು. ಊರಿನ ನಡುವೆ, ವಾಹನಗಳ ವೃತ್ತದ ಮಧ್ಯದಲ್ಲಿ, ಮಾಡಿಲ್ಲದ ಒಂದು ಚರ್ಚ್ ನಿಂತಿದೆಯಲ್ಲ, ಅದೇನು ಎಂದು ನಾನು ಕೇಳಿದ್ದರಿಂದ ಅವರ ಮಾತು ಶುರುವಾಯಿತು.

ಅದು ಚಾರ್ಲ್ಸ್ ಚರ್ಚ್. 1941ರ ಮಾರ್ಚ್ 20ರಂದು ರಾಜ ಆರನೇ ಜಾರ್ಜ್, ರಾಣಿ ಇಬ್ಬರೂ ಊರಿಗೆ ಬಂದು ಹೋದರು. ಆ ಸಂಜೆಯೇ ಜರ್ಮನ್ ವಿಮಾನಗಳು ಬಂದವು. ಆ ಎರಡು ರಾತ್ರಿ, ಆಮೇಲೆ ಏಪ್ರಿಲಿನಲ್ಲಿ ಇನ್ನಷ್ಟು ರಾತ್ರಿ. ಪೇಟೆ ಸುಟ್ಟು ಬಯಲಾಯಿತು. ಚಾರ್ಲ್ಸ್ ಚರ್ಚಿನ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಕತ್ತಲಾಗುವ ಮುಂಚೆ ಜನ ಹೊದಿಕೆ ಸುತ್ತಿಕೊಂಡು ಡಾರ್ಟ್‌ಮೂರ್ ಗುಡ್ಡಗಳ ಕಡೆ ನಡೆದು, ಲಾರಿ ಹತ್ತಿ, ಕೊಟ್ಟಿಗೆಗಳಲ್ಲಿ ಮಲಗಿ, ಬೆಳಿಗ್ಗೆ ಕೆಲಸಕ್ಕೆ ವಾಪಸು ಬರುತ್ತಿದ್ದರಂತೆ. ಅಜ್ಜಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ಅವರಿಗೆ ನೆನಪಿದ್ದದ್ದು ಬೆಂಕಿಯಲ್ಲ, ಕೊಟ್ಟಿಗೆಯ ಕುರಿ. ರಾತ್ರಿಯಿಡೀ ಅದು ಅವರ ಕೋಟಿನ ಗುಂಡಿ ಜಗಿಯಿತಂತೆ.

ಅದರ ಹಿಂದಿನ ವರ್ಷ, 1940ರಲ್ಲಿ, ಅವರ ತಾಯಿ ಮಗಳನ್ನು ಕೆನಡಾಕ್ಕೆ ಕಳಿಸಲು ಅರ್ಜಿ ಹಾಕಿದ್ದರು. ಮಕ್ಕಳನ್ನು ಕಡಲಾಚೆ ಸಾಗಿಸುವ ಸರ್ಕಾರದ ಯೋಜನೆ ಅದು. ಅರ್ಜಿಗಳು ರಾಶಿ ಬಿದ್ದು ಕೆಲವೇ ವಾರದಲ್ಲಿ ಸರ್ಕಾರ ಸ್ವೀಕರಿಸುವುದನ್ನೇ ನಿಲ್ಲಿಸಿತು. ಸೆಪ್ಟೆಂಬರ್ 17ರ ರಾತ್ರಿ ಆ ಯೋಜನೆಯ 90 ಮಕ್ಕಳಿದ್ದ ‘ಸಿಟಿ ಆಫ್ ಬನಾರಸ್’ ಹಡಗಿಗೆ ಅಟ್ಲಾಂಟಿಕ್ ನಡುವೆ ಟಾರ್ಪೆಡೊ ಬಿತ್ತು. 77 ಮಕ್ಕಳು ಸತ್ತರು. ಹಡಗಿನ ಹೆಸರು ನಮ್ಮ ಕಾಶಿಯದ್ದು. ಅದರಲ್ಲಿ ದುಡಿಯುತ್ತಿದ್ದ ಬಹುಪಾಲು ನಾವಿಕರೂ ನಮ್ಮ ದೇಶದ ಲಸ್ಕರರೇ. ತೆಳುವಾದ ಬಟ್ಟೆಯಲ್ಲಿ, ಆ ಕೊರೆಯುವ ಕಡಲಿನಲ್ಲಿ ಅವರೂ ಗುಂಪು ಗುಂಪಾಗಿ ಸತ್ತರು. ಅಜ್ಜಿಗೆ ಮಕ್ಕಳ ಲೆಕ್ಕ ಗೊತ್ತಿತ್ತು, ಲಸ್ಕರರ ವಿಷಯ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಬೇಲಿಯ ಗಿಡದ ಒಣಗಿದ ಎಲೆ ಕೀಳುತ್ತಾ ನಿಂತರು. ಶೇಕ್ಸ್‌ಪಿಯರನ ಹಡಗಿನಲ್ಲಿ ಕಡಲಿಗೆ ಬಿದ್ದು ನೆನೆದರೂ ಯಾರ ಬಟ್ಟೆಯೂ ಕೆಡುವುದಿಲ್ಲ. ಮಂತ್ರದ ಬಿರುಗಾಳಿಗೆ ಅದೊಂದು ಅನುಕೂಲ.

ಬಾರ್ಬಿಕನ್ನಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ನನಗೆ ಯುದ್ಧಕಾಲದ ಒಂದು ನಾಟಕದ ಕರಪತ್ರ ಸಿಕ್ಕಿತು. ಲಂಡನ್ನಿನಲ್ಲಿ ಆಡುತ್ತಿದ್ದ ನೋಯೆಲ್ ಕವರ್ಡನ ‘ಬ್ಲೈತ್ ಸ್ಪಿರಿಟ್’. ಕಾಗದದ ಕೊರತೆಯ ಕಾಲ, ಮಡಿಸಿದ ಒಂದೇ ಹಾಳೆ, ಬೆರಳಿಗೆ ಪುಡಿಪುಡಿಯಾಗುವಷ್ಟು ಒರಟು. ಪಾತ್ರವರ್ಗದ ಕೆಳಗೆ ಒಂದು ಸೂಚನೆ: ವಿಮಾನದಾಳಿಯ ಎಚ್ಚರಿಕೆ ಬಂದರೆ ರಂಗದ ಮೇಲಿನಿಂದ ತಿಳಿಸಲಾಗುವುದು, ಹೋಗಬೇಕೆನ್ನುವವರು ಹೋಗಬಹುದು, ನಾಟಕ ಮುಂದುವರಿಯುವುದು. ಸತ್ತ ಮೊದಲ ಹೆಂಡತಿ ದೆವ್ವವಾಗಿ ಬಂದು ಗಂಡನನ್ನು ಕಾಡುವ ಹಾಸ್ಯ ಅದು. 1941ರ ಜುಲೈನಲ್ಲಿ ಶುರುವಾಗಿ 1,997 ಪ್ರದರ್ಶನ ಕಂಡಿತು. ಬೀದಿ ಬೀದಿಯಲ್ಲಿ ಹೆಣ ಎತ್ತುತ್ತಿದ್ದ ಊರಿನಲ್ಲಿ ದೆವ್ವ ನೋಡಿ ನಗುವ ಜನ! ಒರಟುತನ ಎನ್ನಿಸಬಹುದು. ಸಾವಿನ ಮನೆಯಲ್ಲಿ ಹನ್ನೊಂದನೆಯ ದಿನ ವಡೆ ತಿನ್ನುತ್ತಾ ತೀರಿಕೊಂಡವರ ಜುಗ್ಗತನದ ಕಥೆ ಹೇಳಿ ನಗುವವರಿಗೆ ಹಾಗನ್ನಿಸದು.

ನಿಜ ಹೇಳಬೇಕೆಂದರೆ ಆ ಸರ್ಕಾರ ಮೊದಲಿಗೆ ನಾಟಕಗಳನ್ನು ನಿಲ್ಲಿಸಿಯೇ ಬಿಟ್ಟಿತ್ತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಸಾರಿದ ದಿನವೇ ಎಲ್ಲ ರಂಗಮಂದಿರಗಳಿಗೂ ಬೀಗ. ಬರ್ನಾರ್ಡ್ ಷಾ ಪತ್ರಿಕೆಗೆ ಖಾರವಾದ ಕಾಗದ ಬರೆದ. ಕೆಲವು ದಿನಗಳಲ್ಲೇ ಬಾಗಿಲು ಒಂದೊಂದಾಗಿ ತೆರೆದವು. ಬಾಂಬಿನ ದಿನಗಳಲ್ಲಿ ಡೊನಾಲ್ಡ್ ವುಲ್ಫಿಟ್ ಲಂಡನ್ನಿನಲ್ಲಿ ಮಧ್ಯಾಹ್ನ ಊಟದ ಬಿಡುವಿಗೆ ಶೇಕ್ಸ್‌ಪಿಯರ್ ಆಡಿದ. ಸಿಬಿಲ್ ಥಾರ್ನ್‌ಡೈಕ್ ‘ಮ್ಯಾಕ್‌ಬೆತ್’ ಕಟ್ಟಿಕೊಂಡು ವೇಲ್ಸ್‌ನ ಕಲ್ಲಿದ್ದಲ ಗಣಿಗಳ ಊರೂರು ತಿರುಗಿದಳು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 1940ರ ಮೇ ಕೊನೆಯ ವಾರ. ಡಂಕರ್ಕಿನ ಮರಳಿನಿಂದ ಸೋತ ಸೈನ್ಯವನ್ನು ಮೀನುಗಾರರ ದೋಣಿ, ವಿಹಾರದ ನೌಕೆ ಏನು ಸಿಕ್ಕಿತೋ ಅದರಲ್ಲಿ ತುಂಬಿ ತರುತ್ತಿದ್ದರು. ಮೂರು ಲಕ್ಷದ ಮೇಲೆ ಜನ. ಅದೇ ವಾರ ವಾಟರ್ಲೂ ಸ್ಟೇಷನ್ನಿನ ಪಕ್ಕದ ಓಲ್ಡ್ ವಿಕ್ ರಂಗಮಂದಿರದಲ್ಲಿ ‘ದಿ ಟೆಂಪೆಸ್ಟ್’. ಜಾನ್ ಗಿಲ್ಗುಡ್ ಪ್ರಾಸ್ಪೆರೊ, ಜೆಸಿಕಾ ಟ್ಯಾಂಡಿ ಮಿರಾಂಡ, ಅಲೆಕ್ ಗಿನ್ನೆಸ್ ಫರ್ಡಿನಂಡ್, ಜಾಕ್ ಹಾಕಿನ್ಸ್ ಕ್ಯಾಲಿಬನ್. ಪರದೆ ಎದ್ದರೆ ಕಡಲು, ಹಡಗು, ಮುಳುಗುವವರ ಕೂಗು. ಹೊರಗೆ ಬಂದರೆ ಪತ್ರಿಕೆಯಲ್ಲೂ ಅದೇ. ಮುನ್ನೂರು ವರ್ಷ ಬೇರೆಯವರ ದ್ವೀಪಗಳಿಗೆ ಸನದು ಬರೆದುಕೊಂಡ ಜನ, ತಮ್ಮ ದ್ವೀಪಕ್ಕೆ ಯಾರು ಬಂದು ಇಳಿಯುತ್ತಾರೋ ಎಂದು ಕಡಲ ಕಡೆ ನೋಡುತ್ತಾ ಕೂತಿದ್ದ ವಾರ ಅದು. ಆ ಪ್ರೇಕ್ಷಕರಲ್ಲಿ ಯಾರಿಗಾದರೂ ಕ್ಯಾಲಿಬನ್ನಿನ ದೂರು ಒಂದು ಗಳಿಗೆ ತಮ್ಮದೇ ಬಾಯಿಂದ ಬಂದಂತೆ ಕೇಳಿಸಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹೆಚ್ಚಿನವರು ಪ್ರಾಸ್ಪೆರೊನನ್ನೇ ನೋಡಿದರು, ಸಹಜ. ಮಾರನೆಯ ವರ್ಷ ಆ ರಂಗಮಂದಿರಕ್ಕೂ ಬಾಂಬು ಬಿತ್ತು.

ಯುದ್ಧಕ್ಕೆ ಸರ್ಕಾರ ಇಷ್ಟಪಟ್ಟ ಶೇಕ್ಸ್‌ಪಿಯರ್ ಇದಲ್ಲ, ‘ಹೆನ್ರಿ ದಿ ಫಿಫ್ತ್’. ಲಾರೆನ್ಸ್ ಒಲಿವಿಯರ್ 1944ರಲ್ಲಿ ಅದನ್ನು ಬಣ್ಣದ ಸಿನಿಮಾ ಮಾಡಿ ಕಮಾಂಡೊಗಳಿಗೂ ವಿಮಾನದಿಂದ ಧುಮುಕುವ ಪಡೆಗಳಿಗೂ ಅರ್ಪಿಸಿದ. ರಾಜನ ಗೆಳೆಯರೇ ಹೂಡಿದ ಪಿತೂರಿ, ಕೈದಿಗಳನ್ನು ಕೊಲ್ಲಿರೆಂಬ ಅವನ ಅಪ್ಪಣೆ ಎರಡನ್ನೂ ಕತ್ತರಿಸಿದ. ನಮ್ಮ ಅಜ್ಜಿ ಈ ಚಿತ್ರ ನೋಡಿದ್ದರು. ಸಾವಿರಾರು ಬಾಣ ಒಟ್ಟಿಗೆ ಸುಂಯ್ ಎಂದು ಹಾರುವ ಸದ್ದಿಗೆ ಅವರು ಸೀಟಿನ ಕೆಳಗೆ ತಲೆ ತೂರಿಸಿದರಂತೆ. ಹಿಂದಿನ ಸಾಲಿನ ಹುಡುಗರು ನಕ್ಕರು. ಎದ್ದು ನೋಡಿದರೆ ಪಕ್ಕದ ಹೆಂಗಸೂ ಕೆಳಗೇ ಇದ್ದಳು, ಕೈಯಲ್ಲಿ ಒಂದು ಚಪ್ಪಲಿ ಹಿಡಿದುಕೊಂಡು. “ಅವಳೂ ನಮ್ಮ ಬೀದಿಯವಳೇ ಇರಬೇಕು” ಎಂದರು ಅಜ್ಜಿ.

‘ದಿ ಟೆಂಪೆಸ್ಟ್’ ಅವರು ಓದಿರಲಿಲ್ಲ. ಶಾಲೆ ಸುಟ್ಟುಹೋಗಿದ್ದರಿಂದ ಪಾರಾದೆ ಎಂದರು. ನಾನೇ ಕಥೆ ಹೇಳಿದೆ, ನನ್ನ ಹಳೆಯ ತರಗತಿಯ ಕ್ರಮದಲ್ಲಿ, ಮಳೆಯಿಲ್ಲದ ಕಾರಣ ಕೂಗದೆ. ಮಂತ್ರ, ಪುಸ್ತಕ, ಏರಿಯಲ್, ಮಗಳ ಮದುವೆ, ಕ್ಷಮಾದಾನ ಎಲ್ಲ ಕೇಳಿಸಿಕೊಂಡರು.

“ಹನ್ನೆರಡು ವರ್ಷ ಅಪ್ಪ ಮಗಳಿಗೆ ಅಡುಗೆ ಯಾರು ಮಾಡ್ತಿದ್ದರು?”

ನಾಟಕದಲ್ಲಿ ಅದಕ್ಕೆ ಉತ್ತರ ಇದೆ. ಕ್ಯಾಲಿಬನ್ ಸೌದೆ ತರುತ್ತಾನೆ, ಒಲೆ ಹೊತ್ತಿಸುತ್ತಾನೆ, ಅವನಿಲ್ಲದೆ ನಮಗೆ ನಡೆಯುವುದಿಲ್ಲ ಎಂದು ಪ್ರಾಸ್ಪೆರೊನೇ ಮಗಳಿಗೆ ಹೇಳುತ್ತಾನೆ. ನಾನು ಹಾಗೆಂದೆ.

“ಹೊರಡುವಾಗ ಅವನಿಗೆ ಸಂಬಳ ಕೊಟ್ಟನಾ?”

ಇಲ್ಲ ಎಂದೆ. ಏರಿಯಲ್‌ಗೆ ಬಿಡುಗಡೆ ಸಿಕ್ಕಿತು, ಇವನ ಬಗ್ಗೆ ಸ್ಪಷ್ಟವಾಗಿ ಏನೂ ಹೇಳಿಲ್ಲ. ಮೂವತ್ತು ವರ್ಷ ಕ್ಯಾಂಟೀನಿನಲ್ಲಿ ಹಡಗುಕಟ್ಟೆಯ ಆಳುಗಳಿಗೆ ಬಡಿಸಿದ ಆ ಹೆಂಗಸು ಯೂನಿಯನ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳಿ, ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಒಳಗೆ ಹೋದರು.